ಬೂದು ಬಣ್ಣದ ಹಲ್ಕ್ ಹಸಿರಾದದ್ದು: ಚಿತ್ರಕಥೆಗಳ ತಪ್ಪುಗಳು, ತಿದ್ದುಪಡಿಗಳು

ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದುದುಂಟು. ತಿಂಗಳಿಗೊಮ್ಮೆ ತಪ್ಪದೆ ಅಂಗಡಿಗೆ ಬರಲೇಬೇಕಾದ ಕಾಮಿಕ್ಸ್ ಪುಸ್ತಕಗಳಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಒಂದು ಚೌಕದಲ್ಲಿ ಎಡಗೈಯಲ್ಲಿದ್ದ ಗಡಿಯಾರ ಮುಂದಿನ ಚೌಕದಲ್ಲಿ ಬಲಗೈಗೆ ಹೋಗಿರುತ್ತದೆ. ಮನೆಯೊಳಗೆ ಕಾಲಿಡುವಾಗ ಕೆಂಪಾಗಿದ್ದ ಅಂಗಿ ಹೊರಗೆ ಬರುವಾಗ ನೀಲಿಯಾಗಿರುತ್ತದೆ. ಹಿಂದಿನ ಸಂಚಿಕೆಯಲ್ಲಿ ಒಂದು ಹೆಸರಿದ್ದ ಮನುಷ್ಯನಿಗೆ ಈ ಸಂಚಿಕೆಯಲ್ಲಿ ಇನ್ನೊಂದು ಹೆಸರು. ಮೊದಲು ಹೇಳಿದ್ದಕ್ಕೂ ಆಮೇಲೆ ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಅದನ್ನು ಪೂರ್ವಾಪರ ವಿರೋಧ ಎನ್ನುತ್ತೇವೆ. ಮಾತಿನಲ್ಲಿ ಇರುವಂತೆಯೇ ಚಿತ್ರದಲ್ಲಿಯೂ ಅದು ಇದೆ.

ಇಂಥ ತಪ್ಪುಗಳನ್ನು ಹಿಡಿಯುವುದರಲ್ಲಿ ನಮ್ಮ ಮನೆಗಳ ಮಕ್ಕಳದು ಎತ್ತಿದ ಕೈ. ದೊಡ್ಡವರಾದ ನಾವು ಮಾತಿನ ಗುಳ್ಳೆಗಳನ್ನು ಓದಿಕೊಂಡು ಹಾಳೆ ಮಗುಚುತ್ತೇವೆ. ಮಕ್ಕಳು ಚಿತ್ರಗಳನ್ನು ಓದುತ್ತಾರೆ. ಅವರು ಬೆರಳಿಟ್ಟು ತೋರಿಸಿದಾಗ “ಹೋಗಲಿ ಬಿಡು, ಅದು ಬರೀ ಕಾಮಿಕ್ಸ್” ಎಂದು ಹೇಳಿ ಸುಮ್ಮನಾಗಿಸುವುದು ಸುಲಭ. ಆದರೆ ತಪ್ಪು ಹೇಗೆ ಆಯಿತು, ಆದ ಮೇಲೆ ಅದನ್ನು ಏನು ಮಾಡಿದರು ಎಂದು ಕೇಳುತ್ತ ಹೋದರೆ ಅದು ಚರಿತ್ರೆಯ ಪ್ರಶ್ನೆಯೇ ಆಗುತ್ತದೆ. ಈ ಲೇಖನದಲ್ಲಿ ನಾವು ಕೇಳಹೊರಟಿರುವುದು ಅದನ್ನೇ. ಕೊನೆಗೆ ಅದು ಕನ್ನಡದ ಬಾಗಿಲಿಗೂ ಬಂದು ನಿಲ್ಲುತ್ತದೆ.

ಮೊದಲು ಕೆಲಸದ ರೀತಿಯನ್ನು ತಿಳಿದುಕೊಳ್ಳೋಣ. ನಾವು ನೆಲೆಸಿರುವ ಈ ಅಮೆರಿಕಾದಲ್ಲಿ ಕಾಮಿಕ್ಸ್ ಪುಸ್ತಕವೆಂಬುದು ಒಬ್ಬನ ಕೈಕೆಲಸವಾಗಿದ್ದುದು ಅಪರೂಪ. ಒಬ್ಬರು ಕಥೆ ಹೇಳುವರು; ಇನ್ನೊಬ್ಬರು ಪೆನ್ಸಿಲ್ಲಿನಲ್ಲಿ ಚಿತ್ರ ಬರೆಯುವರು; ಮತ್ತೊಬ್ಬರು ಗುಳ್ಳೆಗಳೊಳಗೆ ಅಕ್ಷರ ತುಂಬುವರು; ಬೇರೊಬ್ಬರು ಪೆನ್ಸಿಲ್ ಗೆರೆಗಳ ಮೇಲೆ ಇಂಕು ಎಳೆಯುವರು; ಆಮೇಲೆ ಬಣ್ಣದವರ ಸರದಿ. 1960ರ ದಶಕದ ಮಾರ್ವೆಲ್ ಸಂಸ್ಥೆಯಲ್ಲಿ ಇನ್ನೂ ಒಂದು ವಿಶೇಷವಿತ್ತು. ಸ್ಟಾನ್ ಲೀ ಕಥೆಯ ಸಾರಾಂಶವನ್ನಷ್ಟೇ ಕೊಡುತ್ತಿದ್ದರು. ಜಾಕ್ ಕರ್ಬಿ, ಸ್ಟೀವ್ ಡಿಟ್ಕೊ ಅವರಂಥ ಚಿತ್ರಕಾರರು ಇಡೀ ಕಥೆಯನ್ನು ಪುಟಗಳಲ್ಲಿ ಹರಡಿ ಬರೆದು ತರುತ್ತಿದ್ದರು. ಆ ಚಿತ್ರಗಳನ್ನು ನೋಡಿ ಲೀ ಮಾತು ಬರೆಯುತ್ತಿದ್ದರು. ಮದುವೆ ಮನೆಯಲ್ಲಿ ಒಬ್ಬರು ಬೇಯಿಸಿಟ್ಟ ಸಾರಿಗೆ ಇನ್ನೊಬ್ಬರು ಉಪ್ಪು ಹಾಕಿದಂತೆ. ಕೆಲಸ ಬೇಗ ಆಗುತ್ತಿತ್ತು, ರುಚಿಯೂ ಇರುತ್ತಿತ್ತು. ಆದರೆ ಎಷ್ಟು ಉಪ್ಪು ಬಿದ್ದಿದೆ ಎಂಬುದು ಮೊದಲಿನವರಿಗೂ ಗೊತ್ತಿಲ್ಲ, ನಂತರದವರಿಗೂ ಗೊತ್ತಿಲ್ಲ.

ಬಣ್ಣದ ಕೆಲಸವಂತೂ ಇನ್ನೂ ಕಷ್ಟದ್ದು. ಬಣ್ಣಗಾರರು ಚಿತ್ರದ ಸಣ್ಣ ಪ್ರತಿಯೊಂದರ ಮೇಲೆ ಬಣ್ಣ ಹಚ್ಚಿ, ಯಾವ ಭಾಗಕ್ಕೆ ಯಾವ ಬಣ್ಣ ಎಂದು ಸಂಕೇತಗಳಲ್ಲಿ ಬರೆದು ಕಳುಹಿಸುತ್ತಿದ್ದರು. ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟಿನಲ್ಲಿ, ಬಹುಮಟ್ಟಿಗೆ ಹೆಂಗಸರು, ಆ ಸಂಕೇತಗಳನ್ನು ನೋಡಿಕೊಂಡು ಪ್ರತಿಯೊಂದು ಬಣ್ಣಕ್ಕೂ ಬೇರೆ ಬೇರೆ ಪಾರದರ್ಶಕ ಹಾಳೆಗಳನ್ನು ಕೈಯಿಂದಲೇ ತಯಾರಿಸುತ್ತಿದ್ದರು. ಅಂದಿನ ಬಹಳಷ್ಟು ಕಾಮಿಕ್ಸ್ ಪುಸ್ತಕಗಳು ಅಚ್ಚಾಗುತ್ತಿದ್ದುದು ಇಲಿನಾಯ್ ರಾಜ್ಯದ ಸ್ಪಾರ್ಟಾ ಎಂಬ ಊರಿನಲ್ಲಿ. ಹಳದಿ, ಕೆಂಪು, ನೀಲಿ ಎಂಬ ಮೂರು ಶಾಯಿಗಳು. ಒಂದೊಂದಕ್ಕೂ ತೆಳು, ಮಧ್ಯಮ, ಪೂರ್ಣ ಎಂಬ ಮೂರು ಹದಗಳು. ಶಾಯಿಯೇ ಇಲ್ಲದ ಬಿಳಿಯನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಟ್ಟು 64 ಬಣ್ಣ. ಗೆರೆಗಳಿಗೂ ಅಕ್ಷರಗಳಿಗೂ ಕಪ್ಪು ಶಾಯಿ. ಕಾಗದವೋ, ದಿನಪತ್ರಿಕೆಯ ಅಗ್ಗದ ಕಾಗದ. ನ್ಯೂಯಾರ್ಕಿನ ಬಣ್ಣಗಾರರ ಕಣ್ಣಿನಲ್ಲಿದ್ದ ಬಣ್ಣ ಸ್ಪಾರ್ಟಾದ ಯಂತ್ರದಿಂದ ಹೊರಗೆ ಬರುವಷ್ಟರಲ್ಲಿ ಎಷ್ಟು ಕೈ ದಾಟಬೇಕಾಗಿತ್ತು ಎಂಬುದನ್ನು ಓದುಗರು ಗಮನಿಸಬೇಕು.

ಈ ಹಿನ್ನೆಲೆಯಲ್ಲಿ ಹಲ್ಕ್‌ನ ಪ್ರಸಂಗವನ್ನು ನೋಡೋಣ. ಲೀ ಮತ್ತು ಕರ್ಬಿ ಸೃಷ್ಟಿಸಿದ ಈ ದೈತ್ಯನ ಮೊದಲ ಸಂಚಿಕೆಯ ಮೇಲಿರುವುದು 1962ರ ಮೇ ತಿಂಗಳು. ಬೆಲೆ 12 ಸೆಂಟ್. ಇಂದು ಹಲ್ಕ್ ಎಂದರೆ ಮೂರು ವರ್ಷದ ಮಗುವೂ ಹಸಿರು ಎನ್ನುತ್ತದೆ. ಆದರೆ ಮೊದಲ ಸಂಚಿಕೆಯಲ್ಲಿ ಅವನ ಬಣ್ಣ ಬೂದು. ಯಾವ ಜನಾಂಗವನ್ನೂ ನೆನಪಿಗೆ ತರದ ಬಣ್ಣವಿರಲಿ ಎಂಬುದು ಲೀ ಅವರ ಉದ್ದೇಶವಾಗಿತ್ತು. ಉದ್ದೇಶ ಒಳ್ಳೆಯದೇ, ಆದರೆ ಮೇಲೆ ಹೇಳಿದ ಮೂರು ಶಾಯಿಗಳಲ್ಲಿ ಬೂದು ಎಂಬುದು ಪ್ರತ್ಯೇಕವಾಗಿ ಇಲ್ಲ. ಮೂರನ್ನೂ ಹದವಾಗಿ ಬೆರೆಸಿಯೇ ಅದು ಹುಟ್ಟಬೇಕು. ಯಾವುದೋ ಒಂದು ಶಾಯಿ ಒಂದಿಷ್ಟು ಹೆಚ್ಚು ಹತ್ತಿದರೆ ಬೂದು ಅತ್ತ ವಾಲುತ್ತದೆ. ಆದದ್ದೂ ಹಾಗೆಯೇ. ಬಣ್ಣಗಾರ ಸ್ಟಾನ್ ಗೋಲ್ಡ್‌ಬರ್ಗ್ ಅವರಿಗೆ ಆ ಬೂದು ಬಣ್ಣ ತೊಡಕಾಯಿತು. ಅಚ್ಚಾಗಿ ಬಂದ ಪುಸ್ತಕದಲ್ಲಿ ಹಲ್ಕ್ ಒಂದು ಕಡೆ ತಿಳಿಬೂದು, ಒಂದು ಕಡೆ ಕಡುಬೂದು, ಕೆಲವು ಕಡೆ ಹಸಿರು! ಒಂದೇ ಕಥೆಯಲ್ಲಿ ಒಬ್ಬನೇ ಮನುಷ್ಯ ಗೋಸುಂಬೆಯಂತೆ ಬಣ್ಣ ಬದಲಾಯಿಸಿದ. ಲೀ ಎರಡನೆಯ ಸಂಚಿಕೆಯಿಂದ ಅವನಿಗೆ ಹಸಿರನ್ನೇ ಗೊತ್ತುಮಾಡಿದರು. ಅಚ್ಚಿನ ಮನೆಯ ತೊಂದರೆಯಿಂದ ಹುಟ್ಟಿದ ಹಸಿರು ಇಂದು ಜಗತ್ತಿಗೆಲ್ಲ ಗೊತ್ತಿರುವ ಹಸಿರಾಗಿದೆ.

ನಮಗೆ ಮುಖ್ಯವೆನಿಸುವುದು ಆಮೇಲೆ ನಡೆದ ಸಂಗತಿ. ಹಲ್ಕ್ ಜನಪ್ರಿಯನಾದ ಮೇಲೆ ಅವನು ಹುಟ್ಟಿದ ಕಥೆಯನ್ನು ಮತ್ತೆ ಮತ್ತೆ ಹೇಳಬೇಕಾಯಿತು, ಮೊದಲ ಸಂಚಿಕೆಯನ್ನು ಮರುಮುದ್ರಿಸಬೇಕಾಯಿತು. ಆಗೆಲ್ಲ ಸಂಸ್ಥೆಯವರು ಹಳೆಯ ಚಿತ್ರಗಳಿಗೇ ಹಸಿರು ಬಳಿದರು. ಸುಮಾರು 20 ವರ್ಷ ಹೀಗೆ ನಡೆಯಿತು. ಹೊಸ ಓದುಗರ ಪಾಲಿಗೆ ಬೂದು ಹಲ್ಕ್ ಹುಟ್ಟಿಯೇ ಇರಲಿಲ್ಲ. 1962ರ ಮೂಲ ಪ್ರತಿ ಕೈಯಲ್ಲಿದ್ದವರು ಮಾತ್ರ ಬಲ್ಲ ಗುಟ್ಟಾಗಿತ್ತು ಅದು. 1984ರ ಡಿಸೆಂಬರ್ ಸಂಚಿಕೆಯಲ್ಲಿ, ಹಳೆಯದನ್ನು ನೆನೆಯುವ ಒಂದು ಭಾಗದಲ್ಲಿ, ಬೂದು ಹಲ್ಕ್ ಮತ್ತೆ ಕಾಣಿಸಿಕೊಂಡ. ಅಲ್ಲಿಂದ ಮುಂದೆ ಮೊದಲ ಸಂಚಿಕೆಯ ಮರುಮುದ್ರಣಗಳಲ್ಲಿಯೂ ಮೂಲದ ಬೂದು ಬಣ್ಣವನ್ನೇ ಉಳಿಸಿಕೊಂಡರು. 1986ರಿಂದ ಬೂದು ಹಲ್ಕ್ ಕಥೆಯೊಳಕ್ಕೇ ಬಂದ. ಪೀಟರ್ ಡೇವಿಡ್ ಎಂಬ ಲೇಖಕರು ಹಸಿರಿನವನಿಗಿಂತ ಬೇರೆಯೇ ಸ್ವಭಾವವನ್ನು ಅವನಿಗೆ ಕೊಟ್ಟು, 1988ರಲ್ಲಿ ಲಾಸ್ ವೇಗಸ್ಸಿನ ಜೂಜುಕಟ್ಟೆಯಲ್ಲಿ ಅವನನ್ನು ಕೆಲಸಕ್ಕೂ ಇಟ್ಟರು! ಮುಚ್ಚಿಟ್ಟಷ್ಟು ದಿನ ಆ ಬೂದು ಬರಿಯ ತಪ್ಪಾಗಿತ್ತು. ಒಪ್ಪಿಕೊಂಡ ಮೇಲೆ ಹೊಸ ಕಥೆಗಳಿಗೆ ದಾರಿಯಾಯಿತು.

ಹೆಸರುಗಳ ಎಡವಟ್ಟು ಇನ್ನೂ ತಮಾಷೆಯದು. ಲೀ ತಮ್ಮ ಪಾತ್ರಗಳಿಗೆ ಪೀಟರ್ ಪಾರ್ಕರ್, ಬ್ರೂಸ್ ಬ್ಯಾನರ್ ಎಂದು ಎರಡೂ ಪದಗಳು ಒಂದೇ ಅಕ್ಷರದಿಂದ ಆರಂಭವಾಗುವ ಹೆಸರುಗಳನ್ನು ಇಡುತ್ತಿದ್ದರು. ಹಾಗಿದ್ದರೆ ನೆನಪಿಟ್ಟುಕೊಳ್ಳುವುದು ಸುಲಭ ಎಂದು ಅವರೇ ಹೇಳಿಕೊಂಡಿದ್ದಾರೆ. ಆದರೂ 1963ರ ಮಾರ್ಚ್ ತಿಂಗಳ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಮೊದಲ ಸಂಚಿಕೆಯ ಒಂದು ಕಥೆಯಲ್ಲಿ ಪೀಟರ್ ಪಾರ್ಕರ್ ‘ಪೀಟರ್ ಪಾಮರ್’ ಆಗಿಬಿಟ್ಟ. 1964ರಲ್ಲಿ ಹಲ್ಕ್‌ನ ಮಾನವರೂಪವಾದ ಬ್ರೂಸ್ ಬ್ಯಾನರ್ ‘ಬಾಬ್ ಬ್ಯಾನರ್’ ಆದ. ತಿಂಗಳಿಗೆ ಹಲವಾರು ಮಾಲೆಗಳಿಗೆ ಮಾತು ಬರೆಯುವವರಿಗೆ ಇಂಥದ್ದು ಆಗುವುದು ಸಹಜ. ಓದುಗರು ಬಿಡಲಿಲ್ಲ, ಕಾಗದ ಬರೆದು ಕೇಳಿದರು. ಲೀ ಜಾರಿಕೊಂಡ ರೀತಿ ನೋಡಿ: ಆತನ ಪೂರ್ಣ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್ ಎಂದುಬಿಟ್ಟರು. ರಾಬರ್ಟನನ್ನು ಬಾಬ್ ಎಂದು ಕರೆಯುವುದು ಈ ದೇಶದ ರೂಢಿ ತಾನೇ! ಆ ಹೆಸರೇ ಮುಂದೆ ಗಟ್ಟಿಯಾಗಿ ನಿಂತಿತು.

ಓದುಗರ ಈ ಕಾಗದಗಳಿಂದಲೇ ಒಂದು ವಿಚಿತ್ರ ಬಹುಮಾನ ಹುಟ್ಟಿಕೊಂಡಿತು. ಅದರ ಹೆಸರು ‘ನೋ-ಪ್ರೈಜ್’, ಅಂದರೆ ಇಲ್ಲದ ಬಹುಮಾನ. 1964ರ ಸುಮಾರಿಗೆ ಲೀ ಇದನ್ನು ಆರಂಭಿಸಿದರು. ತಪ್ಪು ಹಿಡಿದವರ ಹೆಸರು ಪುಸ್ತಕದ ಕಾಗದಗಳ ಪುಟದಲ್ಲಿ ಬರುತ್ತಿತ್ತು, ಅಷ್ಟೆ. ಕ್ರಮೇಣ ತಪ್ಪು ಹಿಡಿದರೆ ಸಾಲದು, ಅದು ತಪ್ಪೇ ಅಲ್ಲವೆಂದು ತೋರಿಸುವ ಜಾಣ ವಿವರಣೆಯನ್ನೂ ಓದುಗರೇ ಕೊಡಬೇಕು ಎಂಬ ಪದ್ಧತಿ ಬಂತು. 1967ರಿಂದ ಗೆದ್ದವರ ಮನೆಗೆ ಲಕೋಟೆ ಬರತೊಡಗಿತು. ತಮ್ಮ ಬಹುಮಾನ ಇದರೊಳಗಿದೆ ಎಂದು ಲಕೋಟೆಯ ಮೇಲೆ ಅಚ್ಚಾಗಿರುತ್ತಿತ್ತು. ಒಡೆದರೆ ಒಳಗೆ ಏನೂ ಇಲ್ಲ! ಬಹುಮಾನ ದಾರಿಯಲ್ಲಿ ಕಳೆದುಹೋಗಿದೆ ಎಂದುಕೊಂಡು ಮತ್ತೆ ಕಾಗದ ಬರೆದವರೂ ಉಂಟಂತೆ. ಸಂಸ್ಥೆ 1983ರಲ್ಲಿ ತನ್ನ ತಪ್ಪುಗಳನ್ನೇ ಆರಿಸಿ, ‘ಮಾರ್ವೆಲ್ ನೋ-ಪ್ರೈಜ್ ಬುಕ್’ ಎಂದು ಹೆಸರಿಟ್ಟು ಹೊರತಂದಿತು. ತನ್ನ ತಪ್ಪುಗಳನ್ನು ಅಚ್ಚುಮಾಡಿ ತಾನೇ ಮಾರಿದ ವ್ಯಾಪಾರಿಯನ್ನು ಮೆಚ್ಚಲೇಬೇಕು. ಖಾಲಿ ಲಕೋಟೆಯ ಹಾಸ್ಯದೊಳಗೆ ಒಂದು ಮರ್ಯಾದೆಯೂ ಇತ್ತು. ಹನ್ನೆರಡು ವರ್ಷದ ಹುಡುಗನ ಕಣ್ಣನ್ನು ದೊಡ್ಡವರ ಕಛೇರಿಯೊಂದು ಲೆಕ್ಕಕ್ಕೆ ತೆಗೆದುಕೊಂಡಿತ್ತು.

ಎಲ್ಲ ಕಡೆ ಹೀಗೆ ನಗುನಗುತ್ತ ಮುಗಿಯಲಿಲ್ಲ. 1970ರಲ್ಲಿ ಜಾಕ್ ಕರ್ಬಿ ಮಾರ್ವೆಲ್ ಬಿಟ್ಟು ಸೂಪರ್‌ಮ್ಯಾನ್‌ನ ಪ್ರಕಾಶಕರಾದ ಡಿ.ಸಿ. ಸಂಸ್ಥೆಗೆ ಬಂದರು. ಸೂಪರ್‌ಮ್ಯಾನ್‌ನ ಗೆಳೆಯ ಜಿಮ್ಮಿ ಓಲ್ಸನ್‌ನ ಮಾಲೆಯನ್ನು ಬರೆಯತೊಡಗಿದರು. ಕರ್ಬಿಯವರ ಸೂಪರ್‌ಮ್ಯಾನ್ ಮುಖ ಜನ ಕಂಡು ಪಳಗಿದ ಮುಖದಂತಿಲ್ಲ ಎಂದು ಕಛೇರಿಗೆ ಕಳವಳವಾಯಿತು. ಅಲ್ ಪ್ಲಾಸ್ಟಿನೊ, ಮರ್ಫಿ ಆಂಡರ್ಸನ್ ಎಂಬ ಚಿತ್ರಕಾರರಿಂದ ಆ ಮುಖಗಳನ್ನು ಮತ್ತೆ ಬರೆಯಿಸಿದರು. ಎಲ್ಲ ಪುಸ್ತಕಗಳಲ್ಲಿಯೂ ಸೂಪರ್‌ಮ್ಯಾನ್ ಒಂದೇ ತೆರನಾಗಿ ಇರಲಿ ಎಂಬುದೇ ಇದರ ಗುರಿ. ಫಲ ಮಾತ್ರ ಬೇರೆಯಾಯಿತು. ಮೈ ಕರ್ಬಿಯವರ ಕೈಯದು, ತಲೆ ಇನ್ನೊಬ್ಬರ ಕೈಯದು! ಪುಸ್ತಕ ಪುಸ್ತಕಗಳ ನಡುವಿನ ವ್ಯತ್ಯಾಸವನ್ನು ಅಳಿಸಲು ಹೋಗಿ ಒಂದೇ ದೇಹದಲ್ಲಿ ವ್ಯತ್ಯಾಸವನ್ನು ತಂದಿಟ್ಟರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಕಸುಬಿನಲ್ಲಿ ದುಡಿದಿದ್ದ ಹಿರಿಯ ಕಲಾವಿದನೊಬ್ಬನ ಗೆರೆಗಳ ಮೇಲೆ ಇನ್ನೊಬ್ಬರ ಗೆರೆ ಬಿದ್ದದ್ದು ಇಂದಿಗೂ ಅಭಿಮಾನಿಗಳಿಗೆ ನೋವಿನ ಸಂಗತಿ.

ತಿದ್ದಲು ಹೋಗಿ ಹೊಸ ತಪ್ಪನ್ನು ತಂದುಕೊಳ್ಳುವ ಈ ಗುಣಕ್ಕೆ ಯುರೋಪಿನಲ್ಲಿ ಇನ್ನೂ ಒಳ್ಳೆಯ ಉದಾಹರಣೆಗಳಿವೆ. ಬೆಲ್ಜಿಯಂ ದೇಶದ ಹೆರ್ಜೆ (ನಿಜ ನಾಮ ಜಾರ್ಜ್ ರೆಮಿ, 1907–1983) ಬರೆದ ಟಿನ್‌ಟಿನ್ ಪುಸ್ತಕಗಳನ್ನು ಅರಿಯದ ಮನೆ ನಮ್ಮಲ್ಲಿ ಕಡಿಮೆ. ಹೆರ್ಜೆ ತಮ್ಮ ಹಳೆಯ ಕಪ್ಪು-ಬಿಳುಪು ಕಥೆಗಳನ್ನು ಮುಂದೆ ಬಣ್ಣದಲ್ಲಿ ಹೊಸದಾಗಿ ಬರೆದರು. ‘ಸಿಗಾರ್ಸ್ ಆಫ್ ದಿ ಫೇರೋ’ ಮೊದಲು ಪುಸ್ತಕವಾದದ್ದು 1934ರಲ್ಲಿ. ಈಜಿಪ್ಟಿನಿಂದ ಹೊರಟು ನಮ್ಮ ಭಾರತದವರೆಗೂ ಬರುವ ಕಥೆ ಅದು. ದಾರಿಯಲ್ಲಿ ಒಬ್ಬ ಅರಬ್ ಶೇಖ್ ಟಿನ್‌ಟಿನ್‌ನ ಹೆಸರು ಕೇಳಿ ಹಿಗ್ಗುತ್ತಾನೆ. ತಾನು ಅವನ ಸಾಹಸಗಳನ್ನು ಓದಿ ಬಲ್ಲೆನೆಂದು ಪುಸ್ತಕವನ್ನೇ ತೋರಿಸುತ್ತಾನೆ. ಮೂಲದಲ್ಲಿ ಆ ಪುಸ್ತಕ ‘ಟಿನ್‌ಟಿನ್ ಇನ್ ಅಮೆರಿಕ’. ಅದು ಇದಕ್ಕಿಂತ ಹಿಂದಿನ ಕಥೆಯಾದ್ದರಿಂದ ಲೆಕ್ಕ ಸರಿಯಾಗಿಯೇ ಇತ್ತು. 1955ರ ಬಣ್ಣದ ಆವೃತ್ತಿಯಲ್ಲಿ ಶೇಖ್ ತೋರಿಸುವುದು 1953ರಲ್ಲಿ ಹೊರಬಂದ ‘ಡೆಸ್ಟಿನೇಷನ್ ಮೂನ್’! ಟಿನ್‌ಟಿನ್ ಇನ್ನೂ ಚಂದ್ರನ ಹೆಸರೆತ್ತಿಲ್ಲ. ಆ ಯಾತ್ರೆಯಲ್ಲಿ ಜೊತೆಗೆ ಹೋಗುವ ಕ್ಯಾಪ್ಟನ್ ಹ್ಯಾಡಕ್‌ನ ಪರಿಚಯವೂ ಅವನಿಗೆ ಇನ್ನೂ ಆಗಿಲ್ಲ. ಮುಂದೆ ನಡೆಯಬೇಕಾದದ್ದು ಶೇಖ್‌ನ ಡೇರೆಯಲ್ಲಿ ಆಗಲೇ ಪುಸ್ತಕವಾಗಿ ಕುಳಿತಿದೆ.

ಇನ್ನೊಂದು, ‘ದಿ ಬ್ಲ್ಯಾಕ್ ಐಲೆಂಡ್’. ಬ್ರಿಟನ್ನಿನಲ್ಲಿ ನಡೆಯುವ ಈ ಕಥೆ 1938ರಲ್ಲಿ ಕಪ್ಪು-ಬಿಳುಪಿನಲ್ಲಿ, 1943ರಲ್ಲಿ ಬಣ್ಣದಲ್ಲಿ ಬಂತು. ಅದನ್ನು ಇಂಗ್ಲಿಷಿನಲ್ಲಿ ತರಲು ಹೊರಟ ಲಂಡನ್ನಿನ ಮೆಥ್ಯುಯೆನ್ ಪ್ರಕಾಶಕರು ಬ್ರಿಟನ್ನಿನ ವಿವರಗಳು ಸರಿಯಿಲ್ಲವೆಂದು 131 ತಪ್ಪುಗಳ ಪಟ್ಟಿಯನ್ನೇ ಕಳುಹಿಸಿದರು. ಹೆರ್ಜೆ ತಮ್ಮ ಸಹಾಯಕ ಬಾಬ್ ಡಿ ಮೂರ್ ಅವರನ್ನು 1961ರಲ್ಲಿ ಬ್ರಿಟನ್ನಿಗೆ ಕಳುಹಿಸಿ, ರೈಲು, ಪೊಲೀಸರ ಉಡುಪು, ಕಟ್ಟಡ ಎಲ್ಲವನ್ನೂ ನೋಡಿ ಬರೆದುಕೊಂಡು ಬರುವಂತೆ ಮಾಡಿದರು. 1966ರಲ್ಲಿ ಹೊಸ ಪುಸ್ತಕ ಬಂತು. ಪ್ರತಿಯೊಂದು ವಿವರವೂ ಸರಿ. ಆದರೆ ಅವು 1960ರ ದಶಕದ ವಿವರಗಳು. ಸರಣಿಯ ಕ್ರಮದಲ್ಲಿ ಇದಾದ ನಂತರ ಬರುವ ಕಥೆಗಳಲ್ಲಿ 1940ರ ದಶಕದ ಮೋಟಾರುಗಳೂ ಉಡುಪುಗಳೂ ಹಾಗೆಯೇ ಇವೆ. ಕ್ರಮವಾಗಿ ಓದುವ ಮಗುವಿಗೆ ಕಾಲ ಒಮ್ಮೆ ಮುಂದಕ್ಕೆ ಹಾರಿ ಮತ್ತೆ ಹಿಂದಕ್ಕೆ ಬಂದಂತೆ ಕಾಣುತ್ತದೆ. ಪಟ್ಟಿಯಲ್ಲಿದ್ದ 131 ಹೋದವು, ಪಟ್ಟಿಯಲ್ಲಿ ಇಲ್ಲದ ಒಂದು ಬಂತು. ಪುಣ್ಯಕ್ಕೆ ಹೆರ್ಜೆಯವರ ಕಪ್ಪು-ಬಿಳುಪು ಮೂಲಗಳು ಇದ್ದಂತೆಯೇ ಮರುಮುದ್ರಣವಾಗಿವೆ. ಬೇಕಾದವರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಹಾಗಾದರೆ ತಪ್ಪನ್ನು ತಿದ್ದಲೇಬಾರದೆ? ತಿದ್ದಬಾರದು ಎಂಬುದು ನಮ್ಮ ವಾದವಲ್ಲ. ಈ ವಿಷಯದಲ್ಲಿ ನಮ್ಮ ಹಳಗನ್ನಡದ ಪಂಡಿತರು ಅನುಸರಿಸಿದ ದಾರಿ ನಮಗೆ ಒಪ್ಪಿಗೆಯಾಗುತ್ತದೆ. ಓಲೆಗರಿಯ ಮೇಲೆ ಕಾವ್ಯವನ್ನು ಪ್ರತಿಮಾಡುತ್ತಿದ್ದ ಲಿಪಿಕಾರರೂ ಒಂದರ್ಥದಲ್ಲಿ ಬ್ರಿಜ್‌ಪೋರ್ಟಿನ ಆ ಹೆಂಗಸರಂತೆಯೇ. ಇನ್ನೊಬ್ಬರು ಕಂಡದ್ದನ್ನು ತಮ್ಮ ಕೈಯಿಂದ ಮತ್ತೊಬ್ಬರಿಗೆ ಮುಟ್ಟಿಸಿದವರು. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ ಎಂದು ಕೊನೆಯಲ್ಲಿ ಕೈಮುಗಿದು ಬರೆದವರೂ ಅವರಲ್ಲಿ ಉಂಟು. ಅಂಥ ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಸಂಪಾದಕರು ಸರಿಯೆಂದು ತೋರಿದ ಪಾಠವನ್ನು ಮೇಲೆ ಇಟ್ಟರು. ಉಳಿದವನ್ನು ಎಸೆಯದೆ ಪುಟದ ಅಡಿಯಲ್ಲಿ ಪಾಠಾಂತರಗಳೆಂದು ಕೊಟ್ಟರು. ತಿದ್ದಿದ್ದೂ ಆಯಿತು, ತಿದ್ದಿದ್ದೇನೆಂಬುದಕ್ಕೆ ಸಾಕ್ಷಿಯೂ ಉಳಿಯಿತು. ಸಂಪಾದಕರು ಎಡವಿದ್ದರೆ ಮುಂದೆ ಬರುವವರು ಅಡಿಟಿಪ್ಪಣಿಯಿಂದ ಮೂಲವನ್ನು ಮತ್ತೆ ಮೇಲಕ್ಕೆತ್ತಬಹುದು. 20 ವರ್ಷ ಹಸಿರು ಬಳಿದ ಹಲ್ಕ್‌ಗೆ ಇಲ್ಲದೆ ಹೋದದ್ದು ಈ ಅಡಿಟಿಪ್ಪಣಿಯೇ.

ಇದು ನಮ್ಮ ಮನೆಯ ಮಾತೂ ಹೌದು. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಇಂಡಿಯಾ ಬುಕ್ ಹೌಸ್ ಮೂಲಕ ‘ಅಮರ ಚಿತ್ರ ಕಥೆ’ಯನ್ನು ಕಟ್ಟಿ ಬೆಳೆಸಿದುದು ಎಲ್ಲರಿಗೂ ತಿಳಿದದ್ದೇ. ಊರಿಗೆ ಹೋಗಿ ಬರುವಾಗ ಉಪ್ಪಿನಕಾಯಿ, ಸಾರಿನ ಪುಡಿಗಳ ನಡುವೆ ಆ ಪುಸ್ತಕಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದವರು ನಮ್ಮಲ್ಲಿ ಎಷ್ಟೋ ಮಂದಿ. ರಾಮ್ ವಾಯೀರ್ಕರ್ ಚಿತ್ರ ಬರೆದ ‘ಕೃಷ್ಣ’ ಈ ಮಾಲೆಯ ಮೊದಲ ಭಾರತೀಯ ಕಥೆ. ಆದರೆ ಹಳೆಯ ಪ್ರತಿಯ ಮೇಲಿರುವ ಸಂಖ್ಯೆ 1 ಅಲ್ಲ, 11. ಲೆಕ್ಕ ಬಲ್ಲ ಮಗು ಕೇಳಿಯೇ ಕೇಳುತ್ತದೆ: ಒಂದರಿಂದ ಹತ್ತು ಎಲ್ಲಿ ಹೋದವು?

ಆ ಹತ್ತು ಸಿಂಡ್ರೆಲಾ ಮೊದಲಾದ ಪಾಶ್ಚಾತ್ಯ ಕಥೆಗಳು. ಬೆಂಗಳೂರಿನಲ್ಲಿ ಪುಸ್ತಕ ಮಾರಾಟದ ಕೆಲಸದಲ್ಲಿದ್ದ ಜಿ.ಕೆ. ಅನಂತರಾಮ್ ಅವರು ಹೇಳಿರುವಂತೆ, ಅವು 1965ರಲ್ಲಿ ಹೊರಬಂದವು, ಅದೂ ಇಂಗ್ಲಿಷಿನಲ್ಲಿ ಅಲ್ಲ, ಕನ್ನಡದಲ್ಲಿ. ಮೊದಲ ಹತ್ತು ಕನ್ನಡದಲ್ಲಿ ಬಂದುದರಿಂದಲೇ ಇಂಗ್ಲಿಷ್ ಪುಸ್ತಕಗಳು ಹನ್ನೊಂದರಿಂದ ಆರಂಭವಾಗುತ್ತವೆ ಎಂಬುದು ಅವರ ಮಾತು. ಎಣಿಕೆಯ ತಪ್ಪಿನಂತೆ ಕಾಣುವ ಆ 11, ಈ ಮಾತಿನ ಪ್ರಕಾರ, ಕನ್ನಡದ ಹೆಜ್ಜೆಗುರುತು. ನಂತರದ ಮುದ್ರಣಗಳಲ್ಲಿ ಸಂಖ್ಯೆಗಳನ್ನು ಹೊಸದಾಗಿ ಕೊಟ್ಟರು. ‘ಕೃಷ್ಣ’ನಿಗೆ ಈಗ 501. ವ್ಯಾಪಾರಕ್ಕೆ ಅದು ಅನುಕೂಲವೇ ಇರಬಹುದು. ಆದರೆ ಹೊಸ ಪ್ರತಿ ಹಿಡಿದ ಮಗುವಿಗೆ ಒಂದರಿಂದ ಹತ್ತು ಎಲ್ಲಿ ಎಂಬ ಪ್ರಶ್ನೆಯೇ ಏಳುವುದಿಲ್ಲ, ಉತ್ತರದಲ್ಲಿ ಕನ್ನಡದ ಹೆಸರು ಬರುವುದೂ ಇಲ್ಲ.

ಆದ್ದರಿಂದ ಸದಸ್ಯರಲ್ಲಿ ನಮ್ಮದೊಂದು ಬಿನ್ನಹ. ಮನೆ ಬದಲಾಯಿಸುವಾಗ, ಅಟ್ಟ ಖಾಲಿ ಮಾಡುವಾಗ ಹಳೆಯ ಚಿತ್ರಕಥೆಗಳನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ಮುಖಪುಟ ನೋಡಿ, ಸಂಖ್ಯೆ ನೋಡಿ. ಹೊಸ ಮುದ್ರಣ ಇದೆಯೆಂದು ಹಳೆಯದನ್ನು ಬಿಸಾಡಬೇಡಿ. ಎರಡನ್ನೂ ಮಕ್ಕಳ ಮುಂದೆ ಇಡಿ. ಯಾವುದು ಬದಲಾಗಿದೆ, ಏಕೆ ಬದಲಾಗಿರಬಹುದು ಎಂದು ಅವರೇ ಹುಡುಕಲಿ. ಚೆನ್ನಾಗಿ ವಿವರಿಸಿದವರಿಗೆ ಬೇಕಾದರೆ ಖಾಲಿ ಲಕೋಟೆಯ ಬಹುಮಾನವನ್ನೂ ಕೊಡೋಣ! ಇನ್ನು, ಕನ್ನಡದ ಆ ಮೊದಲ ಹತ್ತರಲ್ಲಿ ಒಂದಾದರೂ ಯಾರ ಮನೆಯಲ್ಲಾದರೂ, ಇಲ್ಲಿಯಾಗಲಿ ಊರಿನ ಅಜ್ಜಿಯ ಮನೆಯ ಕಪಾಟಿನಲ್ಲಾಗಲಿ ಇದ್ದರೆ, ಹರಿದಿದ್ದರೂ ಚಿಂತೆಯಿಲ್ಲ, ದಯವಿಟ್ಟು ಸಂಪಾದಕರಿಗೆ ಒಂದು ಸಾಲು ಬರೆದು ತಿಳಿಸಿ.